ಬಿಲ್ಲು ಬಾರದ ಫೋನು

ಗಿರಿಜಕ್ಕ ಫೋನ್ ಎತ್ತಿದರೆ ಹಲೋ ಅನ್ನುತ್ತಿರಲಿಲ್ಲ. ತಮ್ಮ ನಂಬರಿನ ಕೊನೆಯ ನಾಲ್ಕು ಅಂಕಿಗಳನ್ನು ಒಂದೊಂದಾಗಿ ಹೇಳಿ ಸುಮ್ಮನಾಗುತ್ತಿದ್ದರು. ಬೆನ್ನು ನೆಟ್ಟಗೆ, ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಗಿಡ್ಡ ಪೆನ್ಸಿಲ್ಲು. ಬರೆದುಕೊಳ್ಳಲು ಏನೂ ಇಲ್ಲದಿದ್ದರೂ ಪೆನ್ಸಿಲ್ಲು ಇರಲೇಬೇಕು. ನಾನು ಮೊದಲ ಸಲ ಅವರ ಮನೆಗೆ ಫೋನ್ ಮಾಡಿದಾಗ ಯಾವುದೋ ಆಫೀಸಿಗೆ ಹೋಯಿತೆಂದು ಇಟ್ಟುಬಿಟ್ಟೆ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ನಂಬರು ಹೇಳಿ ಮುಗಿಸಿದ ಮೇಲೆ ಆ ದನಿ, "ಇಡಬ್ಯಾಡವಾ, ಇಲ್ಲೆ ಮನಶ್ಯಾರ ಅದಾರ" ಅಂತ ಸೇರಿಸಿತು.

ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹದಿನಾಲ್ಕು ವರ್ಷ ಊರಿಂದೂರಿಗೆ ಕಾಲ್ ಜೋಡಿಸುವ ಟ್ರಂಕ್ ಆಪರೇಟರ್ ಆಗಿದ್ದವರು ಅವರು. ಗಂಡ ಹಿರೇಮಠರು ಅವರಿಗೆ ಸೋದರಮಾವನೇ ಆಗಬೇಕು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಗಿರಿಜಕ್ಕ ಅವರನ್ನು ಮಾಮಾ ಅಂತಲೇ ಕರೆಯುತ್ತಿದ್ದರು. ಹಿರೇಮಠರಿಗೆ ಈ ಪರದೇಶದ ಬಾಥೆಲ್‌ನ ಒಂದು ಕಂಪನಿಯಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿದಾಗ ಗಿರಿಜಕ್ಕ ತಮ್ಮ ಕೆಲಸ ಬಿಟ್ಟು ಮಗನ ಜೊತೆ ಇಲ್ಲಿಗೆ ಬಂದರು. ಮಿಲ್ ಕ್ರೀಕ್‌ನಲ್ಲಿ ಮನೆ ಮಾಡಿದರು. ಗಂಡನ ವೀಸಾಕ್ಕೆ ಜೋತುಬಿದ್ದ ವೀಸಾ ಅವರದು. ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ, ಸೋಷಿಯಲ್ ಸೆಕ್ಯುರಿಟಿ ನಂಬರೂ ಸಿಗುವುದಿಲ್ಲ. ಆ ನಂಬರಿಲ್ಲದವರಿಗೆ ಈ ದೇಶದಲ್ಲಿ ಯಾರೂ ಸಾಲವಾಗಿ ಒಂದು ಬಕೆಟ್ಟನ್ನೂ ಕೊಡುವುದಿಲ್ಲ.

ನಾನು ನಾರ್ತ್ ಕ್ರೀಕ್‌ನ ಅಪಾರ್ಟ್‌ಮೆಂಟಿನಲ್ಲಿದ್ದೆ, ಬೆಲ್ವ್ಯೂದಲ್ಲಿ ಕೆಲಸ. ನನ್ನ ಆರು ವರ್ಷದ ಮಗಳು ಶನಿವಾರ ಕನ್ನಡ ಕ್ಲಾಸಿಗೆ ಹೋಗುತ್ತಿದ್ದಳು, ಗಿರಿಜಕ್ಕ ಅಲ್ಲಿಯ ಟೀಚರು. ಅವರು ಅಕ್ಷರ ತಿದ್ದಿಸುತ್ತಿದ್ದದ್ದು ಕಡಿಮೆ. ಒಂದು ಮಗುವನ್ನು ಗದಗ ಮಾಡುವರು, ಇನ್ನೊಂದನ್ನು ಮೈಸೂರು ಮಾಡುವರು, ತಾವು ನಡುವೆ ಎಕ್ಸ್‌ಚೇಂಜಾಗಿ ಕೂರುವರು. ಗದಗಕ್ಕೆ ಮೈಸೂರಿನ ಜೊತೆ ಮಾತಾಡಬೇಕಾದರೆ ಕನ್ನಡದಲ್ಲಿ ಕೇಳಬೇಕು. ಮಕ್ಕಳು ಅಭ್ಯಾಸಬಲದಿಂದ ಇಂಗ್ಲಿಷಿಗೆ ಜಾರಿದ ಕೂಡಲೇ ಮೇಜಿನ ಮೇಲೆ ಪೆನ್ಸಿಲ್ಲು ಕುಟ್ಟಿ ಲೈನ್ ಕಟ್ ಆತು, ಮತ್ತ ಬುಕ್ ಮಾಡು ಅನ್ನುವರು. ಮನೆಯಲ್ಲಿ ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಅಲ್ಲಿ ಮಾತ್ರ ಗದಗ ಆಗಿ ಗಂಟಲು ಹರಿದುಕೊಳ್ಳುತ್ತಿದ್ದಳು.

ಇಂಥ ಹೆಂಗಸಿಗೆ ಬೇಕಾಗಿದ್ದದ್ದು ಮನೆಗೆ ಬಿಲ್ಲು ಬಾರದ ಒಂದು ಫೋನು. ಕಾರಣ ನನಗೆ ತಿಳಿದದ್ದು ಕೆಲಸ ಕೆಟ್ಟ ಮೇಲೆ. ಓದುವವರನ್ನು ನನ್ನ ಹಾಗೆ ಕತ್ತಲೆಯಲ್ಲಿ ಇಡುವುದು ಬೇಡ, ಈಗಲೇ ಹೇಳಿಬಿಡುತ್ತೇನೆ. ಗಿರಿಜಕ್ಕನಿಗೆ ಶೈಲಾ ಅಂತ ಒಬ್ಬಳೇ ತಂಗಿ. ಅವಳನ್ನು ಹಿರೇಮಠರ ತಮ್ಮನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ನಿಶ್ಚಯವಾದ ಮರುವಾರವೇ ಅವಳು ಬೇರೆ ಜಾತಿಯ ಗೆಳೆಯನನ್ನು ಮದುವೆಯಾಗಿ ಹೊರಟುಹೋದಳು. ಈಗ ಒಹಾಯೋದಲ್ಲಿದ್ದಳು. ಅವಳ ಹೆಸರನ್ನು ಮನೆಯಲ್ಲಿ ಎತ್ತಕೂಡದು, ಅವಳ ಜೊತೆ ಮಾತುಕತೆ ಇಟ್ಟುಕೊಳ್ಳಕೂಡದು ಅಂತ ಹಿರೇಮಠರು ಹೇಳಿ ಒಂಬತ್ತು ವರ್ಷವಾಗಿತ್ತು. ಅಕ್ಕತಂಗಿಯರು ಒಂದೇ ದೇಶದಲ್ಲಿದ್ದರು, ಮಾತಾಡುವ ಹಾಗಿರಲಿಲ್ಲ.

ಹಿರೇಮಠರು ಕೂಗಾಡುವವರಲ್ಲ. ಅದೇ ಕಷ್ಟ. ಮನೆಯ ಮೂರೂ ಫೋನುಗಳು ಅವರ ಹೆಸರಿನ ಒಂದು ಫ್ಯಾಮಿಲಿ ಪ್ಲ್ಯಾನಿನಲ್ಲಿದ್ದವು. ತಿಂಗಳಿಗೊಮ್ಮೆ ದಪ್ಪ ಲಕೋಟೆಯಲ್ಲಿ ಬಿಲ್ಲು ಬರುತ್ತಿತ್ತು. ಯಾವ ಫೋನಿನಿಂದ ಯಾವ ನಂಬರಿಗೆ, ಯಾವ ಊರಿಗೆ, ಎಷ್ಟು ನಿಮಿಷ, ಎಲ್ಲ ಅದರಲ್ಲಿ ಅಚ್ಚಾಗಿರುತ್ತಿತ್ತು. ಅವರು ಚಹಾ ಕುಡಿಯುತ್ತ ಪ್ರತಿ ಸಾಲನ್ನೂ ಓದಿ, ಇದು ಯಾರು, ಇದು ಯಾರು ಅಂತ ಮೆಲ್ಲಗೆ ಕೇಳುವರು. ಮಗನನ್ನೂ ಕೇಳುವರು, ಹೆಂಡತಿಯನ್ನೂ ಕೇಳುವರು. ಉತ್ತರ ಸಿಗುವವರೆಗೆ ಅದೇ ಮೆಲುದನಿಯಲ್ಲಿ ಕೇಳುತ್ತಲೇ ಇರುವರು.

ಇದೊಂದೂ ಗೊತ್ತಿಲ್ಲದೆ ನಾನು ಗಿರಿಜಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಫೋನಿನ ಅಂಗಡಿಗಳನ್ನು ಸುತ್ತಿದೆ. ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ನಾಲ್ಕು ಶನಿವಾರ, ಕ್ಲಾಸು ಮುಗಿದ ಮೇಲೆ, ಹಿಂದಿನ ಸೀಟಿನಲ್ಲಿ ಹಸಿವಿನಿಂದ ರಾಗ ಎಳೆಯುವ ಮಗಳ ಜೊತೆ. ಆ ನಾಲ್ಕು ಶನಿವಾರಗಳನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಅದು ಮಡಚುವ ಫೋನುಗಳ ಕಾಲ. ಎರಡು ವರ್ಷದ ಕಾಂಟ್ರ್ಯಾಕ್ಟಿಗೆ ಸಹಿ ಹಾಕಿದರೆ ಫೋನು ಪುಕ್ಕಟೆ. ಸಹಿ ಬೇಡವೆಂದರೆ ಅದೇ ಫೋನಿಗೆ ಪೂರಾ ಬೆಲೆ. ನಮ್ಮವರಲ್ಲಿ ಪೂರಾ ಬೆಲೆ ಕೊಟ್ಟವರನ್ನು ನಾನು ಕಂಡಿರಲಿಲ್ಲ. ನಿಮ್ಮ ಹತ್ತಿರ ಒಂದು ಫೋನು ಇದೆಯಲ್ಲ, ಇನ್ನೊಂದು ಯಾಕೆ ಅಂತ ಕೇಳಿದೆ. "ಅದು ಮಾಮಾನ ಫೋನವಾ. ನನ್ನ ಕೈಯಾಗ ಐತಿ, ಅಷ್ಟ" ಅಂದರು. ತನ್ನದೇ ಒಂದು ಬೇಕೆಂಬ ಜಂಬ ಅಂದುಕೊಂಡೆ.

ಮೊದಲ ಅಂಗಡಿಯಲ್ಲಿ ಅವರು ಕಾಂಟ್ರ್ಯಾಕ್ಟಿನ ಹಾಳೆಗಳನ್ನು ಇಸಿದುಕೊಂಡು ಕುರ್ಚಿ ಎಳೆದುಕೊಂಡು ಕೂತರು. ಸಹಿ ಎಲ್ಲಿ ಅಂತ ಮಾತ್ರ ನೋಡುವ ನನ್ನಂಥವಳ ಎದುರು ಆ ಹೆಂಗಸು ಇರುವೆಯಷ್ಟು ಸಣ್ಣ ಅಕ್ಷರಗಳ ಮೇಲೆ ಪೆನ್ಸಿಲ್ಲು ಓಡಿಸುತ್ತ ಮುಕ್ಕಾಲು ಗಂಟೆ ಓದಿದರು. ಆಮೇಲೆ ತಮ್ಮ ಆಪರೇಟರ್ ಇಂಗ್ಲಿಷಿನಲ್ಲಿ, ಒಂದೊಂದು ಪದವನ್ನೂ ಬಿಡಿಸಿ, ಪ್ರಶ್ನೆ ಶುರು ಮಾಡಿದರು. ಬಿಲ್ಲನ್ನು ಮನೆಗೆ ಕಳಿಸದೆ ಇರಬಹುದೇ? ಆಗುವುದಿಲ್ಲ. ಎರಡು ವರ್ಷದೊಳಗೆ ನಾನು ತೀರಿಕೊಂಡರೆ? ದಾಖಲೆ ತೋರಿಸಿದರೆ ಕಾಂಟ್ರ್ಯಾಕ್ಟು ರದ್ದು. ಬದುಕಿದ್ದೂ ಬೇಡ ಅಂದರೆ? ದಂಡ ಕಟ್ಟಬೇಕು. ಗಿರಿಜಕ್ಕ ನನ್ನ ಕಡೆ ತಿರುಗಿ, "ನೋಡವಾ, ಇವರ ಕಡೆ ಬಿಡೂದಕ್ಕಿಂತ ಸಾಯೂದು ಸೋವಿ" ಅಂದರು. ಕಡೆಗೆ ಅಂಗಡಿಯ ಹುಡುಗಿ ಸೋಷಿಯಲ್ ಸೆಕ್ಯುರಿಟಿ ನಂಬರು ಕೇಳಿದಳು. ಇವರ ಹತ್ತಿರ ಇಲ್ಲ. ಹಾಗಾದರೆ ಗಂಡನನ್ನು ಕರೆದುಕೊಂಡು ಬನ್ನಿ, ನಿಮ್ಮ ಮನೆಯ ಪ್ಲ್ಯಾನಿನ ಅಕೌಂಟ್ ಹೋಲ್ಡರ್ ಅವರೇ ಅಲ್ಲವೇ, ಅಂತ ನಗುನಗುತ್ತ ಹೇಳಿದಳು.

ಎರಡನೆಯ ಶನಿವಾರ ಅದೇ ಅಂಗಡಿಯಲ್ಲಿ ಗಿರಿಜಕ್ಕ ಕಾಂಟ್ರ್ಯಾಕ್ಟು ಬೇಡ, ಪೂರಾ ದುಡ್ಡು ಕೊಟ್ಟು ಫೋನು ಕೊಳ್ಳುತ್ತೇನೆ ಅಂದರು. ಹುಬ್ಬಳ್ಳಿಯಲ್ಲಿ ಕೆಲಸ ಬಿಟ್ಟಾಗ ಬಂದ ಅವರ ಸ್ವಂತ ಹಣ ಅದು. ಬೇಡ ಅಂತ ನಾನು ವಾದ ಮಾಡಿದೆ. ಪುಕ್ಕಟೆ ಸಿಗುವ ವಸ್ತುವಿಗೆ ಯಾರಾದರೂ ದುಡ್ಡು ಸುರಿಯುತ್ತಾರಾ ಅಂದೆ. ಮಗಳಿಗೆ ಊಟದ ಹೊತ್ತು ಮೀರಿತ್ತು, ನನ್ನ ದನಿ ಏರಿತ್ತು. ಅವರು ನನ್ನ ಪಕ್ಕದಲ್ಲಿ ನಿಂತು ನೋಟುಗಳನ್ನು ಕೊಟ್ಟರು. ಫೋನಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಾರಿನವರೆಗೆ ನಡೆದರು.

ಅಲ್ಲಿಗೆ ಮುಗಿಯಿತೇ? ಇಲ್ಲ. ತಿಂಗಳ ಬಿಲ್ಲಿಲ್ಲದೆ ಮೊದಲೇ ದುಡ್ಡು ಹಾಕಿಸಿಕೊಂಡು ಮಾತಾಡುವ ಪ್ರಿಪೇಯ್ಡ್ ಸಿಮ್ಮು ಇನ್ನೊಂದು ಕಂಪನಿಯದು ಅಗ್ಗವೆಂದು ಯಾರೋ ಹೇಳಿದ್ದರು. ಮೂರನೆಯ ಶನಿವಾರ ೪೦೫ ನಂಬರಿನ ಹೈವೇಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ತೆವಳಿ ಬೆಲ್ವ್ಯೂದ ಮಾಲಿಗೆ ಹೋದೆವು. ಸಿಮ್ಮು ಕೊಂಡು ಹಾಕಿದರೆ ಫೋನು ಒಪ್ಪಲಿಲ್ಲ. ಮಾರಿದ ಕಂಪನಿ ಅದಕ್ಕೆ ಬೀಗ ಹಾಕಿತ್ತು, ತನ್ನ ಸಿಮ್ಮು ಬಿಟ್ಟು ಬೇರೆಯದನ್ನು ಒಳಗೆ ಬಿಡುವುದಿಲ್ಲ. ಗಿರಿಜಕ್ಕನಿಗೆ ಸಿಟ್ಟು ಬಂದದ್ದನ್ನು ಆವತ್ತೇ ಮೊದಲು ಕಂಡದ್ದು. "ಪೂರಾ ರೊಕ್ಕ ಎಣಿಸಿ ತೊಗೊಂಡೀನಿ. ಇನ್ನೂ ಕೀಲಿ ಇವರ ಕೈಯಾಗ ಐತಿ ಅಂದ್ರ ನಾ ತೊಗೊಂಡದ್ದು ಏನು?" ಅಂತ ಅಂಗಡಿಯವನನ್ನು ಬಿಟ್ಟು ನನ್ನನ್ನು ಕೇಳಿದರು. ನನಗೆ ಪಾರ್ಕಿಂಗ್ ಸಮಯದ್ದೇ ಚಿಂತೆ. ನಾಲ್ಕನೆಯ ಶನಿವಾರ ಮೊದಲ ಅಂಗಡಿಗೇ ಹೋಗಿ ಆ ಕಂಪನಿಯದೇ ಪ್ರಿಪೇಯ್ಡ್ ಸಿಮ್ಮು ಹಾಕಿಸಿದೆವು. ಬಿಲ್ಲು ಬರುವುದಿಲ್ಲ ತಾನೇ ಅಂತ ಗಿರಿಜಕ್ಕ ಮೂರು ಸಲ ಕೇಳಿದರು. ಬರುವುದಿಲ್ಲ, ಬರುವುದಿಲ್ಲ, ಬರುವುದಿಲ್ಲ ಅಂದಳು ಅದೇ ಹುಡುಗಿ. ಕಾರು ಇಳಿಯುವಾಗ ಮನೆಯಲ್ಲಿ ಇದನ್ನು ಹೇಳಬೇಡ ಅಂದರು. ದುಡ್ಡು ದಂಡ ಮಾಡಿದ್ದಕ್ಕೆ ಗಂಡ ಬೈಯುತ್ತಾರೆಂಬ ಭಯ ಅಂದುಕೊಂಡು ಆಯಿತು ಅಂದೆ.

ಆಮೇಲಿನ ಮೂರು ವಾರ ಗಿರಿಜಕ್ಕ ಬೇರೆಯೇ ಆಗಿದ್ದರು. ಕ್ಲಾಸಿಗೆ ಅರ್ಧ ಗಂಟೆ ಮೊದಲೇ ಬಂದು ಹೊರಗಿನ ಬೆಂಚಿನ ಮೇಲೆ ಕೂತು ಮಾತಾಡುತ್ತಿದ್ದರು. ಫೋನನ್ನು ಮಗನ ಹಳೆಯ ಕಾಲುಚೀಲದೊಳಗೆ ಹಾಕಿ ಕೈಚೀಲದ ತಳದಲ್ಲಿ ಇಡುವರು. ವಾಚು ನೋಡುತ್ತ, ಮೂರು ನಿಮಿಷಕ್ಕೆ ಸರಿಯಾಗಿ, ಟ್ರಂಕ್ ಕಾಲಿನ ದನಿಯಲ್ಲಿ "ತ್ರೀ ಮಿನಿಟ್ಸ್ ಆತು, ಮುಂದುವರಸ್ತೀರೇನು?" ಅಂತ ಆ ಕಡೆಯವರನ್ನು ಕೇಳುವರು. ಆ ಕಡೆಯಿಂದ ಏನೋ ಉತ್ತರ ಬಂದು ಇವರಿಗೆ ನಗು ಉಕ್ಕುವುದು. ಒಂದು ದಿನ ಹಾಗೆ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡದ್ದನ್ನು ಕಾರಿನಿಂದ ನೋಡಿದೆ. ಈ ವಯಸ್ಸಿನಲ್ಲಿ ಇದೆಂಥ ಫೋನಿನ ಹುಚ್ಚು ಅಂತ ಮನೆಗೆ ಬಂದು ಗಂಡನ ಹತ್ತಿರ ಆಡಿಕೊಂಡೆ.

ಹಾಳುಮಾಡಿದ್ದು ಯುಗಾದಿಯ ಊಟ. ಎಲ್ಲರ ಮನೆಯಿಂದ ಒಂದೊಂದು ಅಡುಗೆ ತಂದು ಬಾಥೆಲ್‌ನಲ್ಲಿ ಕನ್ನಡದವರ ಹತ್ತಾರು ಕುಟುಂಬ ಸೇರಿತ್ತು. ಗಂಡಸರ ಮಾತು ಎಂದಿನಂತೆ ಮನೆ ಬಡ್ಡಿ, ಗ್ರೀನ್ ಕಾರ್ಡು ದಾಟಿ ಫೋನ್ ಪ್ಲ್ಯಾನಿಗೆ ಬಂತು. ಹಿರೇಮಠರು ತಮ್ಮ ಫ್ಯಾಮಿಲಿ ಪ್ಲ್ಯಾನಿನ ಗುಣಗಾನ ಮಾಡುತ್ತಿದ್ದರು. ಮೂರು ಲೈನು, ಮೂರೂ ಫೋನು ಪುಕ್ಕಟೆ, ಯಾವ ನಿಮಿಷವೂ ವ್ಯರ್ಥವಿಲ್ಲ. ನನ್ನ ಗಂಡ ಮಧು ಒಂದು ಅಸಡ್ಡಾಳ ಪ್ಲ್ಯಾನಿನಲ್ಲಿ ಸಿಕ್ಕಿಕೊಂಡಿದ್ದ. ಇವರು ಎಲ್ಲರ ಮುಂದೆ ಅವನನ್ನು ಕೂರಿಸಿಕೊಂಡು ಓದಿದವರು ಹೀಗೆ ಮೋಸ ಹೋಗಬಾರದು ಅಂತ ಪಾಠ ಹೇಳತೊಡಗಿದರು. ಮಧು ಪೆಚ್ಚಾಗಿ ತಲೆಯಾಡಿಸುತ್ತಿದ್ದ. ನನಗೆ ತಡೆಯಲಿಲ್ಲ. ಕೋಸಂಬರಿಯ ಸೌಟು ಕೈಯಲ್ಲಿತ್ತು. "ಪಾಠ ಮನೇಲಿ ಹೇಳಿ ಸರ್. ನಿಮ್ಮ ಮಿಸೆಸ್ಸೇ ಪೂರ್ತಿ ದುಡ್ಡು ಕೊಟ್ಟು ಇನ್ನೊಂದು ಫೋನ್ ತಗೊಂಡಿದಾರೆ, ನಾನೇ ಕರ್ಕೊಂಡು ಹೋಗಿದ್ದೆ" ಅಂದುಬಿಟ್ಟೆ.

ಎಲ್ಲರೂ ನಕ್ಕರು. ನಾನು ಗೆದ್ದಿದ್ದೆ. ಹಿರೇಮಠರೂ ನಕ್ಕು, ಹೌದಾ, ಯಾವಾಗ ಅಂತ ಮೆಲ್ಲಗೆ ಕೇಳಿದರು. ಗಿರಿಜಕ್ಕ ಆಚೆ ಮೇಜಿನಲ್ಲಿ ಹೋಳಿಗೆ ಬಡಿಸುತ್ತಿದ್ದರು, ಬಡಿಸುತ್ತಲೇ ಇದ್ದರು. ಅವರ ಮುಖ ನೋಡಿದಾಗ ಏನೋ ತಪ್ಪಾಯಿತೆಂದು ಅನ್ನಿಸಿತು. ಅನ್ನಿಸಿದ್ದನ್ನು ಸಮಾಧಾನ ಮಾಡಿಕೊಂಡೆ. ಗಂಡನಿಗೆ ಗೊತ್ತಾದರೆ ಒಳ್ಳೆಯದೇ, ಆ ನಂಬರನ್ನೂ ಪ್ಲ್ಯಾನಿಗೆ ಸೇರಿಸಿಬಿಡುತ್ತಾರೆ, ದುಡ್ಡು ಉಳಿಯುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಹಾಗೇ ಆಯಿತು. ಆ ವಾರವೇ ಹಿರೇಮಠರು ಅದನ್ನು ನಾಲ್ಕನೆಯ ಲೈನಾಗಿ ತಮ್ಮ ಹೆಸರಿಗೆ ಬರೆಸಿಕೊಂಡರು. ಎರಡು ವರ್ಷದ ಕಾಂಟ್ರ್ಯಾಕ್ಟು.

ಮುಂದಿನ ಶನಿವಾರ ಕ್ಲಾಸು ಮುಗಿದ ಮೇಲೆ ಗಿರಿಜಕ್ಕ ಮಕ್ಕಳ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ನಾನೂ ಕೈಜೋಡಿಸಿದೆ. ತಂಗಿಯ ವಿಷಯವನ್ನೆಲ್ಲ ಅವರು ಆಗ ಹೇಳಿದ್ದು. ಶೈಲಾಗೆ ಇನ್ನು ಫೋನ್ ಮಾಡಬೇಡ ಅಂತ ಹೇಳಿ ಇಟ್ಟೆ, ಅವಳು ಬಸುರಿ, ಅಳಬೇಡ ಅಂತ ಹೇಳುವುದಕ್ಕೂ ಹೊತ್ತಿರಲಿಲ್ಲ ಅಂದರು. ಗೊತ್ತಿರಲಿಲ್ಲ ಅಂದೆ, ಮೊದಲೇ ನನಗೆ ಹೇಳಬಹುದಿತ್ತಲ್ಲ ಅಂದೆ. ಆ ಹೊತ್ತಿನಲ್ಲೂ ತಪ್ಪನ್ನು ಅವರ ಕಡೆ ತಳ್ಳಲು ನೋಡಿದೆ.

ಅವರು ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟರು. "ಹದಿನಾಕು ವರ್ಷ ಆ ಬೋರ್ಡಿನ ಮುಂದ ಕುಂತೆ. ಮಂದಿ ಅತ್ತದ್ದು, ಜಗಳಾಡಿದ್ದು, ಯಾರ್ಯಾರದೋ ಗುಟ್ಟು, ಎಲ್ಲಾ ಈ ಕಿವ್ಯಾಗ ಬಿದ್ದೈತಿ. ಒಂದು ಮಾತು ಹೊರಗ ಹೋಗಿಲ್ಲ. ನಿನಗ ಒಂದು ಹೇಳಬ್ಯಾಡ ಅಂದಿದ್ದೆ. ಒಂದು ತಿಂಗಳು ತಡಿಯಾಕ ಆಗಲಿಲ್ಲ" ಅಂದರು. ದನಿ ಎತ್ತಿರಲಿಲ್ಲ. ಆಮೇಲೆ ಉಳಿದ ಕುರ್ಚಿಗಳನ್ನು ಒಬ್ಬರೇ ಜೋಡಿಸಿದರು.

ಆ ವಾರ ನನಗೆ ಊಟ ಸೇರಲಿಲ್ಲ. ಹಿರೇಮಠರ ಮೇಲೆ ಸಿಟ್ಟು, ಆ ಅಂಗಡಿಗಳ ಮೇಲೆ ಸಿಟ್ಟು, ಎಲ್ಲಕ್ಕಿಂತ ನನ್ನ ಈ ಬಾಯಿಯ ಮೇಲೆ ಸಿಟ್ಟು. ಏನಾದರೂ ಮಾಡಲೇಬೇಕಿತ್ತು. ಮಾಡಿದ್ದು ನೋಡಿ: ಬೆಲ್ವ್ಯೂದಲ್ಲಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೋಗಿ ನಮ್ಮ ಅಕೌಂಟಿನಲ್ಲೇ ಇನ್ನೊಂದು ಲೈನು ತೆಗೆದುಕೊಂಡೆ. ಎರಡು ವರ್ಷಕ್ಕೆ ಸಹಿ ಹಾಕಿದೆ, ಪುಕ್ಕಟೆ ಫೋನು ಸಿಕ್ಕಿತು. ಬಿಲ್ಲು ನಮ್ಮ ಮನೆಗೆ ಬರುತ್ತದೆ, ಹಿರೇಮಠರ ಕೈಗೆ ಸಿಗುವುದಿಲ್ಲ, ಗಿರಿಜಕ್ಕ ಎಷ್ಟು ಬೇಕಾದರೂ ಮಾತಾಡಲಿ. ಎಂಥ ಒಳ್ಳೆಯ ಉಪಾಯ ಅಂತ ಹೆಮ್ಮೆಪಡುತ್ತ ಶನಿವಾರ ಅದನ್ನು ಅವರ ಮುಂದಿಟ್ಟೆ.

ಅವರು ಡಬ್ಬಿ ತೆರೆದು ನೋಡಿದರು, ಮುಚ್ಚಿದರು. ಬಿಲ್ಲು ಯಾರ ಮನೆಗೆ ಬರುತ್ತದೆ ಅಂತ ಕೇಳಿದರು. ನಮ್ಮ ಮನೆಗೆ, ನಾನು ತೆಗೆದು ನೋಡುವುದೂ ಇಲ್ಲ, ಹರಿದು ಹಾಕುತ್ತೇನೆ ಅಂದೆ. "ಮಾಮಾ ಬಿಟ್ಟು ನೀ ಬಂದಿ. ಮತ್ತ ನಾ ಮಂದಿ ಲೈನಿನ್ಯಾಗ ಕುಂತಂಗಾತಲ್ಲವಾ" ಅಂದು ಡಬ್ಬಿಯನ್ನು ನನ್ನ ಕೈಗೆ ವಾಪಸು ಕೊಟ್ಟರು. ನಿಮಗೋಸ್ಕರ ಎರಡು ವರ್ಷಕ್ಕೆ ಸಹಿ ಹಾಕಿದೀನಿ ಅಂತ ನಾನು ಬಡಬಡಿಸಿದೆ. ಅದಕ್ಕೆ ಅವರು ಓದಿ ಹಾಕಿದೆಯಾ ಅಂತ ಕೇಳಿದರು. ಓದಿರಲಿಲ್ಲ.

ಆ ಲೈನನ್ನು ಬಿಡಿಸಿಕೊಳ್ಳಲು ನಾನು ಪಟ್ಟ ಪಾಡನ್ನು ಹೇಳಹೊರಟರೆ ಅದೇ ಒಂದು ಪುರಾಣ. ಕಂಪನಿಗೆ ಫೋನ್ ಮಾಡಿದರೆ ನಲವತ್ತು ನಿಮಿಷ ಸಂಗೀತ ಕೇಳಿಸಿ, ಇನ್ನೊಂದು ವಿಭಾಗಕ್ಕೆ ದಾಟಿಸಿ, ಕಡೆಗೆ ದಂಡ ಕಟ್ಟದೆ ಆಗುವುದಿಲ್ಲ ಅನ್ನುವರು. ಎರಡು ವರ್ಷ ಆ ಫೋನು ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ ಬಿದ್ದಿತ್ತು. ಯಾರೂ ಅದಕ್ಕೆ ಫೋನ್ ಮಾಡಲಿಲ್ಲ, ಯಾರೂ ಅದರಿಂದ ಮಾತಾಡಲಿಲ್ಲ. ಬಿಲ್ಲು ಮಾತ್ರ ತಪ್ಪದೆ ಬಂತು. ಪ್ರತಿ ಸಲವೂ ನಾನು ಲಕೋಟೆ ಒಡೆದು ಆ ಲೈನಿನ ಹಾಳೆಯನ್ನು ತೆಗೆದು ನೋಡಿದೆ. ಹರಿದು ಹಾಕುತ್ತೇನೆ ಅಂದವಳು ನಾನೇ.

ಗಿರಿಜಕ್ಕ ಆಮೇಲೂ ನನ್ನ ಮಗಳಿಗೆ ಕನ್ನಡ ಕಲಿಸಿದರು. ನನ್ನ ಜೊತೆ ಮಾತು ಬಿಡಲಿಲ್ಲ. ಹೇಗಿದ್ದೀ, ಊಟ ಆಯಿತೇ ಅಂತೆಲ್ಲ ಕೇಳುವರು. ಆದರೆ ಎದುರು ಕೂತು ಮಾತಾಡುವಾಗ ಯಾವುದೋ ಒಂದು ಕಡೆ ನಿಲ್ಲಿಸಿಬಿಡುವರು, ಮುಂದಿನದು ನನಗಲ್ಲ ಎನ್ನುವ ಹಾಗೆ. ಶೈಲಾಗೆ ಹೆರಿಗೆಯಾಯಿತೇ, ಮಗು ಯಾವುದು ಅಂತ ಎರಡು ಸಲ ಕೇಳಿದೆ. ಎರಡೂ ಸಲ ಮಗಳ ಕಾಗುಣಿತದ ವಿಷಯ ಹೇಳಿದರು. ಗೊತ್ತಿಲ್ಲದೆ ಹೇಳಲಿಲ್ಲವೋ, ಗೊತ್ತಿದ್ದು ಹೇಳಲಿಲ್ಲವೋ ನನಗೆ ತಿಳಿಯಲಿಲ್ಲ. ನನಗೆ ತಿಳಿಯಬಾರದೆಂದೇ ಅವರಿಗಿತ್ತು.

ಮುಂದಿನ ಬೇಸಿಗೆಯಲ್ಲಿ ಹಿರೇಮಠರಿಗೆ ಟೆಕ್ಸಸ್‌ಗೆ ವರ್ಗವಾಯಿತು. ಹೊರಡುವ ದಿನ ಬೆಳಿಗ್ಗೆ ಚಪಾತಿ ಪಲ್ಯ ಕಟ್ಟಿಕೊಂಡು ಮಿಲ್ ಕ್ರೀಕ್‌ನ ಮನೆಗೆ ಹೋದೆ. ಹಿರೇಮಠರು ಒಳಗೆ ಸಾಮಾನಿನ ಲಾರಿಯವರ ಜೊತೆ ಲೆಕ್ಕ ಹಾಕುತ್ತಿದ್ದರು. ಗಿರಿಜಕ್ಕ ಖಾಲಿ ಗ್ಯಾರೇಜಿನಲ್ಲಿ ಕಸ ಗುಡಿಸುತ್ತಿದ್ದರು. ಬಿಟ್ಟುಹೋಗುವ ಮನೆಯನ್ನು ಯಾರಾದರೂ ಗುಡಿಸುತ್ತಾರಾ ಅಂದರೆ ನಕ್ಕರು. ನನಗೆ ಅಳು ಬಂತು. ಅಲ್ಲಿ ಹೋದ ಮೇಲೆ ಹೊಸ ನಂಬರು ಸಿಕ್ಕಿದರೆ ನನಗೆ ಫೋನ್ ಮಾಡಿ ಗಿರಿಜಕ್ಕ, ಒಂದೇ ಒಂದು ಸಲ, ಕ್ಷಮಿಸಿದೀನಿ ಅಂತಾದರೂ ಹೇಳಿ ಅಂದೆ.

ಅವರು ಕಸಬರಿಗೆ ಗೋಡೆಗೆ ಒರಗಿಸಿ ನನ್ನ ಕೆನ್ನೆ ಮುಟ್ಟಿದರು. ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಸಿಟ್ಟು ಯಾವಾಗೋ ಹೋಗೈತಿ ತಗಿ. ಅಲ್ಲೆ ಹೋಗಿ ಮತ್ತೊಂದು ತೊಗೊಂತೀನಿ, ಪೂರಾ ರೊಕ್ಕ ಕೊಟ್ಟು. ತೊಗೊಂಡೆ ಅಂದ್ರ ನಿನಗ ಮಾತ್ರ ಫೋನ್ ಮಾಡಂಗಿಲ್ಲವಾ."

ಅವರು ಹೋಗಿ ಎಷ್ಟೋ ವರ್ಷವಾಯಿತು. ಇವತ್ತಿನವರೆಗೂ ಅವರಿಂದ ನನಗೆ ಒಂದು ಫೋನೂ ಬಂದಿಲ್ಲ. ತೊಗೊಂಡಿರಬೇಕು.